ಗೆದ್ದವರ ಚಿತ್ರ ಬರೆಯುವ ಕ್ರಮ

ಯುದ್ಧ ಗೆದ್ದವರಿಗೆ ಚಿತ್ರ ಬರೆದುಕೊಟ್ಟು ಹೊಟ್ಟೆ ಹೊರೆಯಬೇಕೆನ್ನುವ ಕಲಾವಿದರು ಶ್ರೀರಂಗಪಟ್ಟಣದ ಪತನವನ್ನು ಲಂಡನ್ನಿನವರು ಹೇಗೆ ಬರೆದರೆಂದು ನೋಡಿ ಕಲಿಯಬೇಕು.

ಮೊದಲನೆಯದಾಗಿ, ಆ ಊರಿಗೆ ಹೋಗಲೇಬೇಡಿ. ಹೋದವರಿಗೆ ಅನುಮಾನಗಳು ಹುಟ್ಟುತ್ತವೆ. ಚಿತ್ರಕಾರ ರಾಬರ್ಟ್ ಕೆರ್ ಪೋರ್ಟರ್ ಇನ್ನೂ ಇಪ್ಪತ್ತು ದಾಟಿದ ಹುಡುಗ, ಕಾವೇರಿಯನ್ನು ಕಂಡವನೇ ಅಲ್ಲ. ಕೋಟೆ ಬಿದ್ದದ್ದು 1799ರ ಮೇ 4ರಂದು. ಮರುವರ್ಷವೇ ಲಂಡನ್ನಿನ ಲೈಸಿಯಂ ಭವನದಲ್ಲಿ ಅವನ 120 ಅಡಿ ಉದ್ದದ ಪನೋರಮಾ, ಅಂದರೆ ನೋಡುವವರನ್ನು ಬಳಸಿ ನಿಲ್ಲುವ ಭಾರಿ ಚಿತ್ರ, ನೋಡಲು ಜನ ಕಾಸು ಕೊಟ್ಟು ನುಗ್ಗಿದರು. ಬರೆದದ್ದು ಆರು ವಾರದಲ್ಲಂತೆ. ಮುತ್ತಿಗೆಗೇ ಹೆಚ್ಚುಕಡಿಮೆ ಒಂದು ತಿಂಗಳು ಹಿಡಿದಿತ್ತು!

ಇಷ್ಟು ಬೇಗ ಮುಗಿಸಲು ಹೊಗೆಯೇ ಗತಿ. ಸೀಸದ ಬಿಳಿ, ಚೂರು ಕಪ್ಪು, ಚೂರು ಹಳದಿ ಮಣ್ಣು ಬೆರೆಸಿ ಅಗಲ ಕುಂಚದಲ್ಲಿ ಒಣಒಣವಾಗಿ ಎಳೆಯಿರಿ. ಕೋಟೆಯ ಯಾವ ಮೂಲೆ ಗೊತ್ತಿಲ್ಲವೋ ಅಲ್ಲಿ ಹೊಗೆ. ಕುದುರೆಯ ಕಾಲು ಸರಿಬರದಿದ್ದರೆ ಹೊಗೆ. ಅಂದು ರಾತ್ರಿಯ ಲೂಟಿ ಬರೆಯಬೇಕಾದಲ್ಲಿ ದಟ್ಟ ಹೊಗೆ. ಮಿಕ್ಕ ಶ್ರಮವೆಲ್ಲ ಅಧಿಕಾರಿಗಳ ಮುಖಕ್ಕೆ ಮೀಸಲು, ಏಕೆಂದರೆ ಮುಂದೆ ಅಚ್ಚಾಗುವ ಕೆತ್ತನೆಯ ಪ್ರತಿ ಕೊಳ್ಳುವವರು ಅವರೇ, ಅವರ ಮನೆಯವರೇ. ಏರಿ ಹೋದ ದಂಡಿನಲ್ಲಿ ಐರೋಪ್ಯರು ಸುಮಾರು ಎರಡೂವರೆ ಸಾವಿರ, ಅವರ ಪರ ಕಾದಿದ ನಮ್ಮ ದೇಶದ ಸಿಪಾಯಿಗಳು ಎರಡು ಸಾವಿರಕ್ಕೆ ತುಸು ಕಮ್ಮಿ. ಸಿಪಾಯಿ ಪ್ರತಿ ಕೊಳ್ಳುವುದಿಲ್ಲ. ಅವನಿಗೆ ಮೂಗು ಬಾಯಿ ಬಿಡಿಸುತ್ತಾ ಕೂರಬೇಡಿ.

ಮಕ್ಕಳು ಸಿಕ್ಕರಂತೂ ಬಿಡಲೇಬೇಡಿ. 1792ರಲ್ಲಿ, ಹಿಂದಿನ ಯುದ್ಧ ಮುಗಿದಾಗ, ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಕೇಳಿ, ಅದಕ್ಕೆ ಜಾಮೀನಾಗಿ ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಆಗಿನ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಒಯ್ದ. ದೊಡ್ಡವನಿಗೆ ಹತ್ತರ ಆಸುಪಾಸು, ಚಿಕ್ಕವನಿಗೆ ಎಂಟರದು. ಇದನ್ನು ಸಾಲವಸೂಲಿಯಂತೆ ಬರೆದರೆ ಯಾರು ಕೊಳ್ಳುತ್ತಾರೆ? ಆದ್ದರಿಂದ ಕಾರ್ನ್‌ವಾಲಿಸ್ ದೊರೆ ಸ್ವಲ್ಪ ಬಾಗಲಿ, ಕೈ ಚಾಚಲಿ, ಮುಖದಲ್ಲಿ ಸೋದರಮಾವನ ಕಳೆ ಬರಲಿ. ಆಗ ಒತ್ತೆ ಇಟ್ಟುಕೊಂಡದ್ದು ಸಾಕಿಕೊಂಡದ್ದರಂತೆ ಕಾಣುತ್ತದೆ. ಲಂಡನ್ನಿನಲ್ಲೇ ಕೂತ ಮ್ಯಾಥರ್ ಬ್ರೌನ್‌ನಿಂದ ಹಿಡಿದು ಸೈನ್ಯದ ಜೊತೆಗಿದ್ದ ರಾಬರ್ಟ್ ಹೋಮ್‌ವರೆಗೆ ಈ ದೃಶ್ಯ ಬರೆಯಲು ಪೈಪೋಟಿಯೇ ನಡೆಯಿತು.

ಆದರೆ ಗುರುವೆಂದರೆ ಚಿತ್ರಕಾರ ಡೇವಿಡ್ ವಿಲ್ಕಿ. ಶ್ರೀರಂಗಪಟ್ಟಣದ ಮೇಲೆ ದಾಳಿ ನಡೆಸಿದ ಸೇನಾನಿ ಡೇವಿಡ್ ಬೇರ್ಡ್‌ಗೆ ಮರುದಿನವೇ ಕೋಟೆಯ ಅಧಿಕಾರ ತಪ್ಪಿ, ಗವರ್ನರ್ ಜನರಲ್‌ನ ತಮ್ಮ ವೆಲ್ಲೆಸ್ಲಿಗೆ ಸಿಕ್ಕಿತು. ಈ ಹೊಟ್ಟೆಯುರಿ ತಣ್ಣಗಾಗಲು ಅರ್ಧ ಗೋಡೆಯಷ್ಟು ಕ್ಯಾನ್ವಾಸೇ ಬೇಕಾಯಿತು. ಬೇರ್ಡ್ ಸತ್ತ ಮೇಲೆ ಅವನ ಹೆಂಡತಿ 1,500 ಗಿನಿಗೆ (ಆಗಿನ ಇಂಗ್ಲಿಷ್ ಹಣ) ವಿಲ್ಕಿಯಿಂದ ಚಿತ್ರ ಬರೆಸಿದರು, 1839ರಲ್ಲಿ ಮುಗಿಯಿತು. ಎತ್ತರ ಹನ್ನೊಂದು ಅಡಿಗೂ ಮಿಗಿಲು. ನಟ್ಟನಡುವೆ ಬೇರ್ಡ್, ಕೆಳಗೆ ಟಿಪ್ಪುವಿನ ದೇಹ. ಬೇರ್ಡ್‌ನ ಕಾಲಡಿಯ ಕಬ್ಬಿಣದ ಸರಳುಗಳನ್ನು ಗಮನಿಸಿ. ಹಿಂದೆ ಪೊಳ್ಳಿಲೂರಿನ ಯುದ್ಧದಲ್ಲಿ ಮೈಸೂರಿನವರಿಗೆ ಸೆರೆಸಿಕ್ಕ ಆತ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಕೊಳೆತ ಸೆರೆಮನೆಯ ಕಿಂಡಿಯಂತೆ ಅದು. ವೀರ ಎಲ್ಲಿ ನಿಲ್ಲುತ್ತಾನೋ ಹಳೆಯ ಸೆರೆಮನೆ ಅಲ್ಲಿಗೇ ಬಂದು ಹಾಜರಾಗಬೇಕು!

ಅಂದು ಅಲ್ಲಿದ್ದ ಮೇಜರ್ ಆಲನ್ ಬರೆದಿಟ್ಟದ್ದು ಬೇರೆ. ಹೆಣಗಳ ರಾಶಿಯಡಿಯಿಂದ ಎಳೆದ ದೇಹ, ಬಿಳಿ ಅಂಗಿ, ಹೂವಿನ ಚೀಟಿಬಟ್ಟೆಯ ಸಡಿಲ ಚಲ್ಲಣ, ಬರಿದಾದ ತಲೆ, ತೆರೆದೇ ಇದ್ದ ಕಣ್ಣು. ಮೈ ಎಷ್ಟು ಬೆಚ್ಚಗಿತ್ತೆಂದರೆ ಬದುಕಿದ್ದಾನೇನೋ ಎಂದು ಕ್ಷಣಕಾಲ ಅನುಮಾನವಾಯಿತಂತೆ. ಇಂಥ ವಿವರ ನಿಮಗೆ ಬೇಡ. ಚಲ್ಲಣ ತೊಟ್ಟ ಶತ್ರುವನ್ನು ಗೆದ್ದರೆ ಅದೆಂಥ ಗೆಲುವು?

ಕತ್ತಲಿಗೆ ಬಿಟುಮೆನ್ ಬಳಸುವ ಚಾಳಿ ಆ ಕಾಲದಲ್ಲಿತ್ತು, ವಿಲ್ಕಿಗೂ ಇತ್ತು. ಡಾಂಬರು ಜಾತಿಯ ಈ ಕಂದು ಬಳಿದ ದಿನ ಜೇನಿನಂತೆ ಹೊಳೆಯುತ್ತದೆ, ಆದರೆ ಪೂರ್ತಿ ಒಣಗುವುದೇ ಇಲ್ಲ. ಮೇಲಿನ ಬಣ್ಣ ಗಟ್ಟಿಯಾದರೂ ಅಡಿಯದು ಜರುಗುತ್ತಲೇ ಇದ್ದು, ಕೊನೆಗೆ ಮೊಸಳೆಚರ್ಮದ ಹಾಗೆ ಬಿರುಕು ಬಿಡುತ್ತದೆ. ಬಿರುಕು ಕಾಣಿಸಲು ವರ್ಷಗಳೇ ಬೇಕು. ಅಷ್ಟರೊಳಗೆ ಬಾಕಿ ಗಿನಿಗಳನ್ನು ಎಣಿಸಿಕೊಂಡು ಬಿಡಿ.