ಗುಂಟೆಗೆ 101 ರೂಪಾಯಿ ಮುಯ್ಯಿ

2021ರ ಮೇ. ಕೊರೊನಾ ಎರಡನೇ ಅಲೆಯ ಲಾಕ್‌ಡೌನಿಗೆ ರಾಜ್ಯ ಸರ್ಕಾರದ ಪರಿಹಾರ ಪ್ಯಾಕೇಜ್ ಬಂತು. ಒಟ್ಟು 1,250 ಕೋಟಿ. ಟಿವಿಯಲ್ಲಿ ಕೆಂಪು ಪಟ್ಟಿ ಓಡಿದ್ದೇ ಓಡಿದ್ದು. ಹೂವು ಬೆಳೆಗಾರರಿಗೆ ಹೆಕ್ಟೇರಿಗೆ 10,000. ಅದೂ ಒಂದೇ ಹೆಕ್ಟೇರಿಗೆ. ಸುದ್ದಿ ಮುಗಿಯುವ ಮೊದಲೇ ಚಿಕ್ಕಪ್ಪನ ಫೋನು. "ಹೆಕ್ಟೇರು ಅಂದ್ರೆ ಎಷ್ಟು ಗುಂಟೆನೋ?"

ನಮ್ಮೂರಲ್ಲಿ ಹೆಕ್ಟೇರು ಕಂಡವರು ಯಾರೂ ಇಲ್ಲ. ಎಕರೆ ಇದೆ, ಗುಂಟೆ ಇದೆ, ಜಗಳಕ್ಕೆ ಬದು ಇದೆ. ಪಹಣಿಯಲ್ಲೂ ಎಕರೆ-ಗುಂಟೆಯೇ. ಹೆಕ್ಟೇರು ಪರಿಹಾರ ಘೋಷಿಸುವ ದಿನ ಮಾತ್ರ ಬಂದು ಹೋಗುವ ನೆಂಟ. ಗುಂಟೆ ಲೆಕ್ಕದಲ್ಲಿ ಹೇಳಿದರೆ ಹೇಳಿದವರಿಗೇ ನಾಚಿಕೆ ಆಗುತ್ತೆ, ಅಲ್ವಾ?

ಲೆಕ್ಕ ಹಾಕಿದೆ. ಒಂದು ಹೆಕ್ಟೇರಿಗೆ ಸುಮಾರು 99 ಗುಂಟೆ. ಅಂದರೆ ಗುಂಟೆಗೆ 101 ರೂಪಾಯಿ. ನೂರಾ ಒಂದು! ನಮ್ಮ ಸರ್ಕಾರಕ್ಕೆ ಶಾಸ್ತ್ರ-ಸಂಪ್ರದಾಯ ಚೆನ್ನಾಗಿ ಗೊತ್ತು. ಮದುವೆಗಳು ನಿಂತವು, ಹೂವು ಕೇಳುವವರಿಲ್ಲ, ಆದರೆ ಮುಯ್ಯಿ ಮಾತ್ರ ತಪ್ಪಲಿಲ್ಲ. ಚಿಕ್ಕಪ್ಪನ 12 ಗುಂಟೆ ಸೇವಂತಿಗೆಗೆ 1,214 ರೂಪಾಯಿ ಓದಿಸಿದ್ದಾರೆ.

ಹೋದ ವರ್ಷ, 2020ರಲ್ಲಿ, ಇದೇ ಹೆಕ್ಟೇರಿಗೆ 25,000 ಇತ್ತು. ಕ್ಷೌರಿಕರಿಗೆ ಆಗ 5,000, ಈಗ 2,000. ಆಟೋದವರಿಗೆ ಆಗ 5,000, ಈಗ 3,000. ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ, ಆಕ್ಸಿಜನ್ ಇಲ್ಲ, ಸ್ಮಶಾನದಲ್ಲಿ ಕ್ಯೂ. ಆದರೂ ಮುಯ್ಯಿ ಇಳಿದಿದೆ. ಎರಡನೇ ಮದುವೆಗೆ ಯಾರು ಜಾಸ್ತಿ ಓದಿಸ್ತಾರೆ ಹೇಳಿ.

ಹೂವು ಅಂದಕೂಡಲೇ ಹೆಲಿಕಾಪ್ಟರ್ ನೆನಪಾಯಿತು. 2020ರ ಮೇ 3ರಂದು ವಾಯುಪಡೆಯವರು ಆಸ್ಪತ್ರೆಗಳ ಮೇಲೆ ಹೂಮಳೆ ಸುರಿಸಿದರಲ್ಲ, ನಾನೂ ಬಾಯಿ ಬಿಟ್ಟುಕೊಂಡು ನೋಡಿದೆ. ಕೆ.ಆರ್. ಮಾರುಕಟ್ಟೆಗೆ ಹೂವು ಹೋಗುವ ಹಾಗಿಲ್ಲ, ಚಿಕ್ಕಪ್ಪ ರೋಟವೇಟರ್ ಹೊಡೆಸಿ ಸೇವಂತಿಗೆಯನ್ನು ಮಣ್ಣಿಗೆ ಸೇರಿಸುತ್ತಿದ್ದಾನೆ, ಅತ್ತ ಹೂವು ಆಕಾಶದಿಂದ ಬೀಳುತ್ತಿದೆ. ಆ ಹೂವು ಯಾರ ತೋಟದ್ದು? ಕೆಜಿಗೆ ಎಷ್ಟು ಕೊಟ್ಟರು? ಹೂವಿನ ಪರಿಹಾರ ಘೋಷಣೆಯಾದದ್ದು ಮೂರು ದಿನ ಕಳೆದು, ಮೇ 6ಕ್ಕೆ.

"ಹೋದ ವರ್ಷದ ದುಡ್ಡು ಬಂತಾ ಚಿಕ್ಕಪ್ಪ?" ಅಂದೆ. ಆಗ ಹೊರಗೆ ಬಂತು ಕಥೆ. ಒಂದು ಕಚೇರಿಗೆ ಅರ್ಜಿ ಹಿಡಿದು ಹೋದರೆ ಮೊದಲ ಪ್ರಶ್ನೆ, "ನಿಮ್ಮದು ಫ್ರೂಟ್ಸ್ ಆಗಿದೆಯಾ?" ಚಿಕ್ಕಪ್ಪ ಕೈ ಮುಗಿದು ಹೇಳಿದ, "ಇಲ್ಲ ಸ್ವಾಮಿ, ನಮ್ಮದು ಹೂವು." ರೈತರ ನೋಂದಣಿ ತಂತ್ರಾಂಶಕ್ಕೆ ಫ್ರೂಟ್ಸ್ ಅಂತ ಹೆಸರಿಟ್ಟ ಪುಣ್ಯಾತ್ಮನಿಗೆ ಒಂದು ಶಾಲು ಹೊದಿಸಬೇಕು.

ಫ್ರೂಟ್ಸೂ ಆಯಿತು. ಆಮೇಲೆ ನೋಡಿದರೆ ಪಹಣಿಯ ಬೆಳೆ ಕಾಲಂನಲ್ಲಿ ರಾಗಿ! ಅವನು ರಾಗಿ ಬಿಟ್ಟು ಎಷ್ಟೋ ವರ್ಷ ಆಯಿತು. ಪಹಣಿ ಬಿಟ್ಟಿಲ್ಲ. ಮನೆದೇವರಿಗೆ ಅಂತ ತೋಟದಲ್ಲಿ ಒಂದು ಸಾಲು ಹೂವು ಉಳಿಸಿಕೊಂಡಿದ್ದ. ಮರುದಿನ ಅದನ್ನೇ ಕಿತ್ತು, ಸಾಕ್ಷಿಗೆ ಅಂತ ಒಂದು ಪುಟ್ಟಿ ಸೇವಂತಿಗೆ ಮೇಜಿನ ಮೇಲೆ ಇಟ್ಟ. ಅಲ್ಲಿದ್ದವರು ಎರಡು ಹೂವು ತೆಗೆದು ಗೋಡೆಯ ಗಣಪತಿ ಫೋಟೋಗೆ ಸಿಕ್ಕಿಸಿದರು. ಅರ್ಜಿ ವಾಪಸ್ ಕೊಟ್ಟರು.

ನಗು ಬರುತ್ತೆ ಅಂತ ಬರೆಯೋಕೆ ಕೂತೆ. ಈಗ ಬರ್ತಿಲ್ಲ. ಬೆಳಗಿನ ಜಾವ ತಲೆಗೆ ಟಾರ್ಚ್ ಕಟ್ಟಿಕೊಂಡು ಹೂವು ಕೀಳುವ ಹೆಂಗಸರಿದ್ದಾರೆ. ಪರಿಹಾರಕ್ಕೆ ಪಹಣಿ ಬೇಕು; ಅವರ ಹೆಸರಲ್ಲಿ ಒಂದು ಗುಂಟೆಯೂ ಇಲ್ಲ. ತೋಟ ಗುತ್ತಿಗೆಗೆ ಮಾಡಿ ಸಾಲ ಮೈಮೇಲೆ ಹಾಕಿಕೊಂಡವನದೂ ಅದೇ ಪಾಡು. ಗಿಡ ಯಾರದು ಅಂತ ಒಂದು ಸಲ ತೋಟಕ್ಕೆ ಬಂದು ನೋಡೋಕೆ ಏನು ಕಷ್ಟ ಇವರಿಗೆ? ಎರಡು ವರ್ಷ ಆಯ್ತಲ್ಲ.

ಫೋನಿನಲ್ಲಿ ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಕಾಗದ ಮಡಚುವ ಸದ್ದು ಕೇಳಿಸಿತು.

"ಈ ಮಳೆಗೆ ರಾಗೀನೇ ಹಾಕ್ತೀನಿ ಬಿಡು," ಅಂದ. "ಪಹಣಿಯಾದ್ರೂ ಸರಿಯಾಗ್ತದೆ."