ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬೂಕರ್

2025ರ ಮೇ ತಿಂಗಳಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಊರೆಲ್ಲ ಖುಷಿ ಪಡ್ತು, ನಾನೂ ಪಟ್ಟೆ, ಸ್ಟಾಫ್ ರೂಮಲ್ಲಿ ನಾಲ್ಕು ಜನಕ್ಕೆ ಕಾಫಿನೂ ಕೊಡಿಸ್ದೆ. ಅದು ತಿರುಗಿ ಬಂದು ನನ್ನ ತಲೆ ಮೇಲೇ ಕೂರುತ್ತೆ ಅಂತ ಯಾರಿಗ್ ಗೊತ್ತಿತ್ತು. ನಾನೊಂದು ಪಿಯು ಕಾಲೇಜಲ್ಲಿ ಕನ್ನಡ ಹೇಳ್ಕೊಡೋನು, ಯಾವ ಕಾಲೇಜು ಅಂತ ಮಾತ್ರ ಕೇಳ್ಬೇಡಿ, ಹೊಟ್ಟೆಪಾಡು. ಕಾಲೇಜು ಶುರುವಾಗಿ ಇನ್ನೂ ಹಾಜರಿ ಪುಸ್ತಕಕ್ಕೆ ರಟ್ಟು ಹಾಕಿರ್ಲಿಲ್ಲ, ಆಡಳಿತ ಮಂಡಳಿ ಅಧ್ಯಕ್ಷರು ಕರ್ಸಿದ್ರು.

"ಏನ್ ಮೇಷ್ಟ್ರೇ, ಹಾಸನಕ್ಕೇ ಬೂಕರ್ ಬಂದಿದೆ, ನಮ್ ಕಾಲೇಜಿಗ್ಯಾಕ್ ಬರ್ಲಿಲ್ಲ?"

ಏನಂತ ಹೇಳೋದು. ಸಾರ್, ಬಹುಮಾನ ಬಂದ 'ಹಾರ್ಟ್ ಲ್ಯಾಂಪ್' ಪುಸ್ತಕದಲ್ಲಿರೋ ಹನ್ನೆರಡು ಕಥೆ 1990ರಿಂದ 2023ರ ತನಕ ಬರ್ದಿರೋವು, ಅವರು ಬಂಡಾಯ ಸಾಹಿತ್ಯದ ಕಾಲದಿಂದ ಬರೀತಿರೋರು, ವಕೀಲರು ಬೇರೆ, ಜನದ ಕಷ್ಟ ಕೇಳಿ ಕೇಳಿ ಪಳಗಿದೋರು, ಅಂದೆ. "ಮೂವತ್ಮೂರು ವರ್ಷ ಎಲ್ಲಾಯ್ತದೆ ಮೇಷ್ಟ್ರೇ, ಡಿಸೆಂಬರ್‌ಗೆ ಸಿಲಬಸ್ ಮುಗೀಬೇಕು, ಒಂದು ಶನಿವಾರ ಎರಡರಿಂದ ನಾಲ್ಕು ತಗೊಳ್ಳಿ" ಅಂದ್ರು. ಆಮೇಲೆ ದನಿ ತಗ್ಗಿಸಿ, ದುಡ್ಡೆಷ್ಟು ಬರುತ್ತೆ ಅಂತ ಕೇಳಿದ್ರು. 50,000 ಪೌಂಡು, ಅದ್ರಲ್ಲಿ ಅರ್ಧ ಅನುವಾದ ಮಾಡಿದ ದೀಪಾ ಭಾಸ್ತಿ ಅವರಿಗೆ ಹೋಗುತ್ತೆ ಅಂದೆ. ಅಧ್ಯಕ್ಷರಿಗೆ ಹೊಟ್ಟೆ ಉರಿದೋಯ್ತು. "ಅರ್ಧ ಯಾಕ್ರೀ ಕೊಡ್ಬೇಕು? ನಮ್ ಇಂಗ್ಲಿಷ್ ಲೆಕ್ಚರರ್ ಕೈಲಿ ಮಾಡ್ಸಿದ್ರೆ ಸಂಬಳದಲ್ಲೇ ಆಗೋಗುತ್ತೆ."

ಹಿಂಗೆ ಶುರುವಾಯ್ತು ನಮ್ಮ ಸೃಜನಶೀಲ ಬರವಣಿಗೆ ಕಾರ್ಯಾಗಾರ.

ಹಂಗಂತ ನಮ್ ಜಿಲ್ಲೆನ ಹಗುರವಾಗಿ ತಗೋಬೇಡಿ, 2019ರಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟಲ್ಲಿ ರಾಜ್ಯಕ್ಕೇ ಫಸ್ಟ್ ಬಂದ ಜಿಲ್ಲೆ ಇದು. ನಮ್ ಮಕ್ಕಳು ಪ್ರಶ್ನೆ ಕೇಳೋಕ್ ಮುಂಚೆನೇ ಉತ್ತರ ಬರ್ದಿಟ್ಟಿರ್ತಾರೆ. ಪ್ರಬಂಧ ಅಂದ್ರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ, ಮೂರಕ್ಕೂ ಅಡಿಗೆರೆ, ಮುಗೀತು. ಹಾಸನಾಂಬೆ ಗುಡಿಲಿ ಹಚ್ಚಿಟ್ಟ ದೀಪ ಮುಂದಿನ್ ವರ್ಷ ಬಾಗ್ಲು ತೆಗೆಯೋ ತನಕ ಆರಲ್ಲ, ಇಟ್ಟ ಹೂವು ಬಾಡಲ್ಲ ಅಂತ ನಂಬ್ತೀವಲ್ಲ, ನಮ್ ಕಾಲೇಜಿನ 'ಗ್ರಂಥಾಲಯದ ಮಹತ್ವ' ಪ್ರಬಂಧನೂ ಹಂಗೇ, ನಾನು ಕೆಲಸಕ್ಕೆ ಸೇರ್ದಾಗ ಹೆಂಗಿತ್ತೋ ಇವತ್ತಿಗೂ ಹಂಗೇ ಘಮಘಮ ಅಂತಿದೆ, ಒಂದ್ ಎಸಳು ಉದುರಿಲ್ಲ. ಗ್ರಂಥಾಲಯಕ್ಕೆ ಮಾತ್ರ ಬೀಗ. ಅದ್ರಲ್ಲಿ ನೀಟ್ ಬ್ಯಾಚಿನ ಮಾಡ್ಯೂಲ್ ಬಂಡಲ್ ಇಟ್ಟಿದಾರೆ.

ಶನಿವಾರ ಬಂತು. ಪ್ರಾರ್ಥನೆ, ಸ್ವಾಗತ, ದೀಪ ಹಚ್ಚೋದು (ಫ್ಯಾನ್ ಆಫ್ ಮಾಡ್ರೋ ಅಂತ ಮೂರು ಸಲ ಕೂಗಿ), ಪ್ರಾಸ್ತಾವಿಕ ನುಡಿ, ಬೆಂಗಳೂರಿಂದ ಬಂದಿದ್ದ ಸಂಪನ್ಮೂಲ ವ್ಯಕ್ತಿಗೆ ಶಾಲು ಹಾರ ಮೈಸೂರು ಪೇಟ, ಪೇಟ ದೊಡ್ಡದಾಗಿ ಕಣ್ಣಿನ ತನಕ ಇಳೀತು, ಅದನ್ನ ಎತ್ತಿ ಹಿಡ್ಕೊಂಡೇ ಫೋಟೊ, ಜಿಪಿಎಸ್ ಬರೋ ಆ್ಯಪಲ್ಲಿ ತೆಗೀಬೇಕಂತೆ ಅಂತ ಇನ್ನೊಂದ್ ಫೋಟೊ, ಅಧ್ಯಕ್ಷೀಯ ಭಾಷಣ ನಲವತ್ತು ನಿಮಿಷ, ಅದ್ರಲ್ಲಿ ಮೂವತ್ತು ನಿಮಿಷ ಹೊಸ ಹಾಸ್ಟೆಲ್ ಬಿಲ್ಡಿಂಗ್. ಇಷ್ಟೆಲ್ಲಾ ಆಗಿ ಮಕ್ಕಳ ಕೈಗೆ ಪೇಪರ್ ಸಿಕ್ಕಾಗ ಮೂರೂ ಮುಕ್ಕಾಲು. ಮೊದಲನೇ ಬೆಂಚಿನ ಹುಡ್ಗ ಎದ್ದು ನಿಂತು ಕೇಳ್ದ, ಸಾರ್ ಇದು ಎಂಬತ್ತಕ್ಕೆ ಬರುತ್ತಾ ಇಪ್ಪತ್ತು ಇಂಟರ್ನಲ್ಸಿಗೆ ಬರುತ್ತಾ? ಎರಡಕ್ಕೂ ಬರಲ್ಲ ಕಣಪ್ಪ ಅಂದೆ. ಪೆನ್ನಿನ ಕ್ಯಾಪ್ ಹಾಕ್ಬಿಟ್ಟ. ಅವನ್ನ ಬಯ್ಯಕ್ಕೆ ನಂಗೆ ಬಾಯಿ ಬರ್ಲಿಲ್ಲ.

ಸಂಪನ್ಮೂಲ ವ್ಯಕ್ತಿಗಳು ಒಳ್ಳೇವ್ರೇ, ಅವರ ತಪ್ಪಿಲ್ಲ. ನಿಮ್ಮ ಮನೇಲಿ ಯಾರಾದ್ರೂ ಬರೀತಾರಾ ಅಂತ ಕೇಳಿದ್ರು. ಹಿಂದಿನ ಬೆಂಚಲ್ಲಿ ಬಿಕ್ಕೋಡು ಕಡೆಯಿಂದ ಬರೋ ಹುಡುಗಿ ಕೈ ಎತ್ತಿ, "ನಮ್ಮಪ್ಪ ರೈಟರ್ ಸಾರ್" ಅಂದ್ಲು. ಇವರ ಮುಖ ಊರಗಲ ಆಯ್ತು. ಓಹೋ, ಕಥೆನಾ ಕವನನಾ? "ಚೆಕ್‌ರೋಲ್ ಸಾರ್."

ಅವರಿಗೆ ಅದ್ಯಾವ ಪ್ರಕಾರ ಅಂತ ತಿಳೀಲಿಲ್ಲ, ನವ್ಯೋತ್ತರ ಏನಾದ್ರೂ ಇರ್ಬೇಕು ಅನ್ನೋ ತರ ತಲೆ ಆಡ್ಸಿದ್ರು. ನಾನೇ ಕಿವೀಲಿ ಹೇಳ್ದೆ, ಸಾರ್ ನಮ್ ಕಡೆ ಕಾಫಿ ಎಸ್ಟೇಟಲ್ಲಿ ಆಳುಗಳ ಹಾಜರಿ ಸಂಬಳ ಬರಿಯೋರಿಗೆ ರೈಟರ್ ಅಂತಾರೆ. ಹಾಲೆಲ್ಲ ನಕ್ತು. ಹುಡುಗಿ ಕೂತ್ಕೊಂಡು ಬರಿಯಕ್ ಶುರು ಮಾಡಿದ್ಲು.

ಮೌಲ್ಯಮಾಪನಕ್ಕೆ ಪ್ರಿನ್ಸಿಪಾಲರು ಮೊದ್ಲೇ ಸ್ಕೀಮ್ ಕೊಟ್ಟಿದ್ರು, ಐದು ಅಂಕಕ್ಕೆ. ಅಂದವಾದ ಬರಹ ಒಂದು, ಪೀಠಿಕೆ ಒಂದು, ಗಾದೆ ಬಳಸಿದ್ರೆ ಅರ್ಧ, ನೀತಿ ಒಂದು, ಉಪಸಂಹಾರ ಒಂದು, ಉಳಿದರ್ಧ ಕಲ್ಪನೆಗೆ. ನಾನು ತಮಾಷೆಗೆ ಇದೇ ಸ್ಕೀಮನ್ನ ನಮ್ಮ ಹಲ್ಮಿಡಿ ಶಾಸನಕ್ಕೆ ಹಾಕಿ ನೋಡ್ದೆ, ಇಲ್ಲೇ ಬೇಲೂರು ತಾಲ್ಲೂಕಲ್ಲಿ ಸಿಕ್ಕಿದ್ದು, ಸುಮಾರು ಕ್ರಿ.ಶ. 450ರದ್ದು, ಕನ್ನಡದ ಹಳೇ ಶಾಸನ ಅಂದ್ರೆ ಮೊದ್ಲು ಇದ್ರ ಹೆಸರೇ ಬರೋದು. ಹದಿನಾರೇ ಸಾಲು, ಪುಟ ತುಂಬಿಲ್ಲ. ಪೀಠಿಕೆ ಸಂಸ್ಕೃತದಲ್ಲಿದೆ, ಕನ್ನಡ ಪತ್ರಿಕೇಲಿ ಅದಕ್ಕೆ ಅಂಕ ಕೊಡಂಗಿಲ್ಲ. ಗಾದೆ ಇಲ್ಲ. ಉಪಸಂಹಾರದ ಜಾಗದಲ್ಲಿ 'ಇದನ್ನ ಅಳಿಸಿದೋನಿಗೆ ಮಹಾಪಾತಕ' ಅಂತ ಶಾಪ ಹಾಕವ್ರೆ, ಅದನ್ನ ನೀತಿ ಅಂತ ಲೆಕ್ಕ ಹಿಡಿದ್ರೂ ಅಬ್ಬಬ್ಬಾ ಅಂದ್ರೆ ಎರಡು. ಹಲ್ಮಿಡಿ ಫೇಲಾಗಲ್ಲ, ಆದ್ರೆ ಬಹುಮಾನ ಬರಲ್ಲ.

ಇನ್ನು ಪೇಪರ್‌ಗಳು. ವಿಷಯ 'ಮಳೆಗಾಲದ ಒಂದು ದಿನ'. ಮುಕ್ಕಾಲು ಪಾಲು ಪೇಪರ್ ಶುರುವಾಗೋದೇ 'ಪ್ರಕೃತಿಯು ಮಾನವನಿಗೆ ದೇವರು ಕೊಟ್ಟ ವರ' ಅಂತ, ಹೊರಗಡೆ ಕಿಟಕಿ ಮುರ್ಕೊಂಡು ಮಳೆ ಹೊಡೀತಿದೆ, ಒಬ್ರೂ ತಲೆ ಎತ್ತಿ ನೋಡಿಲ್ಲ. ಒಬ್ಬ ಡೆಸ್ಕ್ ಕೆಳಗೆ ಮೊಬೈಲಲ್ಲಿ ಚಾಟ್‌ಜಿಪಿಟಿ ಕೇಳಿ ಇಳಿಸಿದ್ದ, ಪಾಪ ಮೇಲಿನ 'ಖಂಡಿತ, ನೀವು ಕೇಳಿದ ಪ್ರಬಂಧ ಇಲ್ಲಿದೆ' ಅನ್ನೋ ಸಾಲನ್ನೂ ಬಿಟ್ಟಿರ್ಲಿಲ್ಲ. ಪೀಠಿಕೆ ಚೆನ್ನಾಗಿದೆ ಅಂತ ಅವನಿಗೇ ಫಸ್ಟ್ ಪ್ರೈಜ್ ಕೊಟ್ರು, ನಾನು ತಮಾಷೆ ಮಾಡ್ತಿಲ್ಲ.

ಆ ಹುಡುಗಿ ಬರ್ದಿದ್ದು ಅರ್ಧ ಪುಟ. ಅಪ್ಪ ದಿನಾ ಬೆಳಗ್ಗೆ ಚೆಕ್‌ರೋಲಲ್ಲಿ ಆಳುಗಳ ಹೆಸರು ಕೂಗೋದು, ಬಂದೋರಿಗೆ ಒಂದು, ಮಧ್ಯಾಹ್ನ ಮಳೆ ಹಿಡಿದು ಮನೆಗೋದ್ರೆ ಅರ್ಧ, ಅವ್ವನ ಹೆಸರೂ ಅದೇ ಪಟ್ಟೀಲಿದೆ, ಮನೇಲಿ ಎಷ್ಟ್ ಜಗಳ ಆಡಿದ್ರೂ ಬೆಳಗ್ಗೆ ಅವ್ವನ ಹೆಸರು ಬಂದಾಗ ಅಪ್ಪ ತಲೆ ಎತ್ತದೆ ಎಲ್ಲರ ತರಾನೇ ಕೂಗ್ತಾನೆ, ಅವ್ವನೂ ಎಲ್ಲರ ತರಾನೇ ಹೂಂ ಅಂತಾಳೆ. ಜುಲೈ ತಿಂಗಳ ಒಂದಿನ ಆಳುಗಳಿರೋ ಲೈನ್ ಮನೆ ಹಿಂದೆನೇ ಆನೆ ನಿಂತಿತ್ತಂತೆ, ಯಾರೂ ಬಾಗ್ಲು ತೆಗೀಲಿಲ್ಲ. ಸಂಜೆ ಇವಳು ಚೆಕ್‌ರೋಲ್ ತೆಗೆದು ನೋಡಿದ್ರೆ ಅವತ್ತಿನ ಕಾಲಮ್ಮಲ್ಲಿ ಅಪ್ಪ ಎರಡೇ ಎರಡು ವಾಕ್ಯ ಬರ್ದಿದ್ದ. 'ಆನೆ. ಯಾರೂ ಇಲ್ಲ.'

ಅಲ್ಲಿಗೇ ನಿಲ್ಸಿದಾಳೆ. ಕೆಳಗೆ ಪ್ರಿನ್ಸಿಪಾಲರು ಕೆಂಪು ಇಂಕಲ್ಲಿ, ಅಪೂರ್ಣ, ಉಪಸಂಹಾರ ಇಲ್ಲ, ವನ್ಯಜೀವಿ ಸಂರಕ್ಷಣೆ ಬಗ್ಗೆ ಸಂದೇಶ ಕೊಡಬಹುದಿತ್ತು, ಒಂದೂವರೆ.

ನಾನು ಜಗಳ ಆಡಿದೆ ಅಂತ ಬರ್ಕೊಳ್ಳಕ್ಕೆ ಆಸೆ ಇದೆ, ಆದ್ರೆ ಆಡ್ಲಿಲ್ಲ. ಸಾರ್ ಒಂದ್ಸಲ ಓದಿ ನೋಡಿ ಅಂದೆ, ಓದಿದೀನಿ ಮೇಷ್ಟ್ರೇ, ಅಕ್ಷರ ದುಂಡಗಿದೆ ಅಂದ್ರು. ಈಗ ಮುಂದಿನ ವರ್ಷಕ್ಕೆ 'ಬೂಕರ್ ಫೌಂಡೇಶನ್ ಬ್ಯಾಚ್' ಅಂತ ಪ್ರಾಸ್ಪೆಕ್ಟಸ್‌ಲಿ ಹಾಕ್ತಾರಂತೆ, ಫೀಸ್ ಬೇರೆ, ಮಾಡ್ಯೂಲ್ ನಾನೇ ಬರೀಬೇಕಂತೆ, ಸಂಬಳದಲ್ಲೇ.

ಸೋಮವಾರ ವರದಿ ಕೇಳಿದ್ರು. ದಿನಾಂಕ, ಹಾಜರಿ, ಫೋಟೊ, ಖರ್ಚು, ಕೊನೇಲಿ ಒಂದು ಕಾಲಂ, 'ಕಾರ್ಯಾಗಾರದ ಫಲಶ್ರುತಿ'. ಬಹಳ ಹೊತ್ತು ಪೆನ್ ಹಿಡ್ಕೊಂಡ್ ಕೂತಿದ್ದು, ಕೊನೆಗೆ 'ಆನೆ. ಯಾರೂ ಇಲ್ಲ.' ಅಂತ ಬರ್ದು ಕಳ್ಸಿದೆ. ಮಧ್ಯಾಹ್ನದೊಳಗೆ ಸೀಲು ಸೈನು ಬಿದ್ದು ಫೈಲಿಗೆ ಹೋಯ್ತು.