ಗೆರೆ ಎಳೆದಲ್ಲೆಲ್ಲ ಏನಾದರೂ ತುಂಬಬೇಕಾ?

ನಮ್ಮ ಆಫೀಸ್ ಇಂಗ್ಲಿಷಿನಲ್ಲಿ ಪ್ರಿಪೊಸಿಷನ್ ತಪ್ಪುವುದಕ್ಕಿಂತ ಜಾಸ್ತಿಯಾಗುವುದೇ ದೊಡ್ಡ ತೊಂದರೆ. 'ವಿ ಡಿಸ್ಕಸ್ಡ್ ಅಬೌಟ್ ದ ಇಶ್ಯೂ.' 'ಐ ರಿಕ್ವೆಸ್ಟ್ ಫಾರ್ ಲೀವ್.' 'ಹೀ ಎಂಟರ್ಡ್ ಇಂಟು ದ ರೂಮ್.' ಮೂರರಲ್ಲೂ ನಡುವಿನ ಅಬೌಟ್, ಫಾರ್, ಇಂಟು ಕಿತ್ತುಹಾಕಿ, ಅಷ್ಟೇ ಸಾಕು. (ಒಪ್ಪಂದ ಮಾಡಿಕೊಳ್ಳುವಾಗ ಎಂಟರ್ ಇಂಟು ಸರಿ. ರೂಮಿಗೆ ಬೇಡ.)

'ಇದರ ಬಗ್ಗೆ ಚರ್ಚಿಸಿದೆವು' ಅಂತ ಕನ್ನಡದಲ್ಲಿ ಯೋಚಿಸುವುದರಿಂದ ಹೀಗಾಗುತ್ತದೆ ಅಂತಾರೆ. ಅರ್ಧ ನಿಜ. ಉಳಿದರ್ಧ ಇಂಗ್ಲಿಷಿನದೇ ಕಿತಾಪತಿ. ಡಿಸ್ಕಷನ್ ಅನ್ನೋ ನಾಮಪದಕ್ಕೆ ಅಬೌಟ್ ಬರುತ್ತದೆ, ಡಿಸ್ಕಸ್ ಅನ್ನೋ ಕ್ರಿಯಾಪದಕ್ಕೆ ಬರುವುದಿಲ್ಲ. ಎಂಫಸಿಸ್ ಜೊತೆ ಆನ್ ಇರುತ್ತದೆ, ಎಂಫಸೈಸ್‌ಗೆ ಯಾರೂ ಬೇಡ. ರಜೆ ಅರ್ಜಿಯನ್ನೇ ನೋಡಿ. ಸಬ್ಜೆಕ್ಟ್ ಲೈನಿನಲ್ಲಿ 'ರಿಕ್ವೆಸ್ಟ್ ಫಾರ್ ಲೀವ್' ಅಂತ ಸರಿಯಾಗಿಯೇ ಇರುತ್ತದೆ. ಅದೇ ಫಾರ್ ಕೆಳಗಿನ ಸಾಲಿಗೆ ಇಳಿದು 'ಐ ರಿಕ್ವೆಸ್ಟ್' ಪಕ್ಕ ಕೂತ ಕೂಡಲೇ ತಪ್ಪಾಗುತ್ತದೆ.

ನನ್ನ ತಕರಾರು ಇರುವುದು ನಮಗೆ ಕಲಿಸಿದ ರೀತಿಯ ಮೇಲೆ. ಬಿಟ್ಟ ಸ್ಥಳ ತುಂಬಿರಿ! ಗೆರೆ ಎಳೆದಿದ್ದಾರೆ ಅಂದ ಮೇಲೆ ಅಲ್ಲೇನೋ ಬರಲೇಬೇಕು, ಅಲ್ವಾ? ಇನ್ ಅಲ್ಲದಿದ್ದರೆ ಆನ್. ಸುಮ್ನೆ ಊಹಿಸಿದರೂ ಅರ್ಧ ಅಂಕ ಗ್ಯಾರಂಟಿ. 'ಇಲ್ಲಿ ಏನೂ ಬೇಡ' ಅನ್ನೋ ಉತ್ತರಕ್ಕೆ ಆ ಪ್ರಶ್ನೆಯಲ್ಲಿ ಜಾಗವೇ ಇಲ್ಲ.

ಎ.ಎಸ್. ಹಾರ್ನ್‌ಬಿ ಅಂತ ಒಬ್ಬರು ಜಪಾನಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದರು. ಕಲಿಯುವವರಿಗೆ ಪದದ ಅರ್ಥ ಹೇಳಿದರೆ ಸಾಲದು, ಕ್ರಿಯಾಪದದ ಮುಂದೆ ಏನು ಬರುತ್ತದೆ ಅಂತಲೂ ಹೇಳಬೇಕು ಅಂತ ನಿಘಂಟು ಮಾಡಿದರು. 1942ರಲ್ಲಿ ಅದು ಜಪಾನಿನಲ್ಲೇ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಹೊರತಂದಿತು. ಈಗಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ ಅದರ ಮುಂದುವರಿಕೆ. ಆನ್‌ಲೈನಿನಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಮೇಲ್ ಕಳಿಸುವ ಮುಂಚೆ ಕ್ರಿಯಾಪದವನ್ನು ಅಲ್ಲಿ ಹುಡುಕಿ, ಅರ್ಥ ಬಿಟ್ಟು ಉದಾಹರಣೆ ವಾಕ್ಯ ಓದಿ.

ಇದರಲ್ಲಿ ತರ್ಕ ಹುಡುಕಲು ಹೋಗಬೇಡಿ. ನಿರ್ಧಾರವೊಂದನ್ನು ವಿರೋಧಿಸುವಾಗ ಬ್ರಿಟಿಷರು 'ಪ್ರೊಟೆಸ್ಟ್ ಅಗೇನ್‌ಸ್ಟ್' ಅಂತಾರೆ, ಅಮೆರಿಕದವರು ಅಗೇನ್‌ಸ್ಟ್ ಬಿಟ್ಟೇ ಬರೀತಾರೆ. ಅವರಿಗೆ ಅದು ರೂಢಿ, ನಾವು ಬಾಯಿಪಾಠ ಮಾಡಬೇಕು. ಮಾತಾಡುವಾಗ ತಲೆ ಕೆಡಿಸಿಕೊಳ್ಳಬೇಕಿಲ್ಲ, ಮುಖ ನೋಡಿಯೇ ಅರ್ಧ ಅರ್ಥವಾಗುತ್ತದೆ. ಬರವಣಿಗೆಯಲ್ಲಿ ಆ ಅನುಕೂಲ ಇಲ್ಲ. 'ಶೌಟೆಡ್ ಟು ಮಿ' ಅಂದರೆ ನನಗೆ ಕೇಳಲಿ ಅಂತ ದೂರದಿಂದ ಕೂಗಿದರು. 'ಶೌಟೆಡ್ ಅಟ್ ಮಿ' ಅಂದರೆ ನನ್ನ ಮೇಲೆ ಕಿರುಚಾಡಿದರು. ಮ್ಯಾನೇಜರ್ ಮೇಲೆ ಎಚ್‌ಆರ್‌ಗೆ ದೂರು ಬರೆಯುವವರು ಇದೊಂದನ್ನಾದರೂ ನೋಡಿಕೊಂಡು ಬರೆಯಿರಿ ಮಾರಾಯ್ರೆ.